ಗೊರಸು ನೋಡುವ ಕರಿಬಸಮ್ಮ

ಯಗಟಿಯ ಕರಿಬಸಮ್ಮ ರೋಗಿ ಮಲಗಿದ ಮನೆಗೆ ಬಂದಳೆಂದರೆ ಆ ಮನೆಯವರ ಎದೆ ಡವಡವ ಅನ್ನುತ್ತಿತ್ತು. ಆಕೆ ರೋಗಿಯ ಮುಖ ನೋಡುವವಳಲ್ಲ. ನೆಟ್ಟಗೆ ಹೋಗಿ ಹೊದಿಕೆ ಎತ್ತುವಳು, ಬೆನ್ನಡಿಗೆ ಕೈ ತೂರಿಸಿ ಹಾಸಿಗೆ ಹಸಿಯೋ ಒಣಗಿದೆಯೋ ಮುಟ್ಟಿ ನೋಡುವಳು, ಹಿಮ್ಮಡಿ ಒತ್ತುವಳು, ಕಿವಿಯ ಹಿಂದೆ ಮೂಸುವಳು. ಆಮೇಲೆ ಒಂದೇ ಮಾತು. ‘ನೋಡ್ಕಂಡವ್ರೆ’ ಇಲ್ಲವೇ ‘ನೋಡ್ಕಂಡಿಲ್ಲ’. ಅದರ ಮೇಲೆ ಮೇಲ್ಮನವಿ ಇರಲಿಲ್ಲ.

ಇದನ್ನು ಅವಳಿಗೆ ಕಲಿಸಿದ್ದು ಕುರಿ. ಗಂಡ ಚಿಕ್ಕಬೀರಪ್ಪನ ಮಂದೆಯನ್ನು ಬೇರೆಯವರು ಮೇಯಿಸಿಕೊಂಡು ಬಂದಾಗ ಅವಳು ಉಣ್ಣೆಯ ಮೇಲೆ ಕೈಯಾಡಿಸುತ್ತಿರಲಿಲ್ಲ. ಕುರಿಯನ್ನು ಕೆಡವಿ ಕಾಲೆತ್ತಿ ನೋಡುತ್ತಿದ್ದಳು. “ಉಣ್ಣೆ ಯಾವನಾರಾ ತೊಳೀತಾನೆ ಕಣ್ರೋ. ಕಾಯೋನ ಯೋಗ್ಯತೆ ಗೊರಸಿನ ಸಂದಿನಾಗಿರ್ತದೆ” ಅನ್ನುವಳು. ಮುಂದೆ ಮಾವನಿಗೆ ಲಕ್ವ ಹೊಡೆದು ಒಂಬತ್ತು ವರ್ಷ ಮಲಗಿದ. ಒಂಬತ್ತು ವರ್ಷವೂ ಅವನ ಮೈಮೇಲೆ ಒಂದು ಹುಣ್ಣು ಏಳಲಿಲ್ಲ. ಅಲ್ಲಿಂದ ಸುತ್ತಿನ ಊರುಗಳವರು ‘ನಮ್ಮ ಮುದುಕೀನ ಒಂದು ಸಲ ನೋಡ್ಬಾರವ್ವ’ ಎಂದು ಕರೆಯತೊಡಗಿದರು.

ಸಾವಿರದ ಒಂಬೈನೂರ ಅರವತ್ತೊಂದರಲ್ಲಿ ಪಕ್ಕದ ಬೀದಿಯ ಕಾಂತಮ್ಮ ಅಳುತ್ತ ಬಂದಳು. ಅವಳ ತಾಯಿ ತೀರ್ಥಮ್ಮ ತರೀಕೆರೆಯಲ್ಲಿ ಮಗ ಷಣ್ಮುಖಪ್ಪನ ಮನೆಯಲ್ಲಿದ್ದರು. ಅವರಿಗೂ ಲಕ್ವ; ಎಡಮೈ ಬಿದ್ದುಹೋಗಿ ನಾಲಗೆ ತೊದಲುತ್ತಿತ್ತು.

“ಕರಿಬಸಕ್ಕಾ, ಅವ್ವ ಐದು ದಿನದಿಂದ ನೀರು ಬಿಟ್ಟು ಏನೂ ಮುಟ್ಟಿಲ್ವಂತೆ. ಅಣ್ಣ ನೋಡಿದ್ರೆ, ಆರೈಕೆಗೆ ಜನ ಇಟ್ಟಿದೀನಿ, ಅವ್ವಂದೇ ಹಠ ಅಂತಾನೆ. ನೀನು ನೋಡಿ ಸರಿಯಾಗೈತೆ ಅಂದ್ರೆ ನಾನು ತೆಪ್ಪಗಿರ್ತೀನಿ. ಇಲ್ದಿದ್ರೆ ಅವ್ವನ್ನ ಕಳ್ಕಂತೀನಿ ಕಣಕ್ಕಾ.”

ಆ ಆರೈಕೆಯ ಜನ ಕಲ್ಲೇಶಪ್ಪನ ಕಡೆಯವರು. ಈ ಕಲ್ಲೇಶಪ್ಪ ಎಲ್ಲೋ ಕಾಂಪೌಂಡರ್ ಆಗಿದ್ದವನು, ಬಸ್‌ಸ್ಟ್ಯಾಂಡಿನ ಹತ್ತಿರ ‘ಗೃಹ ಶುಶ್ರೂಷಾ ಸಂಘ’ ಎಂದು ಬೋರ್ಡು ಹಾಕಿ, ಬಿಳಿ ಸೀರೆ ಉಡಿಸಿದ ಹೆಂಗಸರನ್ನು ಉಳ್ಳವರ ಮನೆಗೆ ಕಳಿಸುತ್ತಿದ್ದ. ವಾರಕ್ಕೊಮ್ಮೆ ತಾನೇ ಬಂದು ಬಾಗಿಲಲ್ಲೇ ನಿಂತು, ಕಂಕುಳಿನ ಪುಸ್ತಕ ತೆಗೆದು ‘ರೋಗಿ ಶಾಂತವಾಗಿದ್ದಾರೆ’ ಎಂದು ಬರೆದು, ಕಾಫಿ ಕುಡಿದು ಹೋಗುತ್ತಿದ್ದ.

ಹೆಂಗಸರಿಬ್ಬರೂ ಕಡೂರಿನಲ್ಲಿ ಬಸ್ಸು ಬದಲಿಸಿ ತರೀಕೆರೆ ಸೇರುವ ಹೊತ್ತಿಗೆ ಅವರು ಬರುವ ಸುದ್ದಿ ಮುಂದಾಗಿಯೇ ಮುಟ್ಟಿತ್ತು. ಹೊಸ್ತಿಲಲ್ಲೇ ಸಾಂಬ್ರಾಣಿ ಹೊಗೆ ಮುಖಕ್ಕೆ ಬಡಿಯಿತು. ಕರಿಬಸಮ್ಮ ಮೂಗರಳಿಸಿದಳು. ಹೊಗೆ ಹೆಚ್ಚಾಗಿ ಹಾಕಿದ ಕಡೆ ಏನನ್ನೋ ಮುಚ್ಚಿದ್ದಾರೆ ಎಂಬುದು ಅವಳ ಲೆಕ್ಕ.

ತೀರ್ಥಮ್ಮನಿಗೆ ಹೊಸ ಸೀರೆ, ಹಣೆತುಂಬ ವಿಭೂತಿ. ತಲೆಗೂದಲ ನೀರು ಇನ್ನೂ ಆರಿರಲಿಲ್ಲ. ಬೆನ್ನು ನೋಡಿದಳು, ಹಿಮ್ಮಡಿ ನೋಡಿದಳು. ಸ್ವಚ್ಛವಾಗಿದ್ದವು. ಎಡಗೈ ಮಾತ್ರ ಎದೆಯ ಮೇಲೆ ಮುಷ್ಟಿ ಕಟ್ಟಿಕೊಂಡು ಕೂತಿತ್ತು. ಅದಕ್ಕೊಂದು ರೇಷ್ಮೆ ವಸ್ತ್ರ ಸುತ್ತಿ ಮೇಲೆ ಮಲ್ಲಿಗೆ ಏರಿಸಿದ್ದರು.

“ಅವ್ವ ಮೂರು ವಾರದಿಂದ ಲಿಂಗ ಕೈಬಿಟ್ಟಿಲ್ಲ” ಎಂದ ಷಣ್ಮುಖಪ್ಪ. ಕೊಬ್ಬರಿ ಮಂಡಿಯ ಯಜಮಾನ, ಆದರೂ ಹೆಗಲ ವಲ್ಲಿಯಿಂದ ಕಣ್ಣೊರೆಸಿಕೊಂಡ. “ಎಂಥಾ ಭಕ್ತಿ! ನಮಗೂ ಕೈ ಮುಗೀರಿ ಅಂತಾರೆ ನೋಡಮ್ಮ.”

ತೀರ್ಥಮ್ಮನ ತುಟಿ ಅದುರಿತು. “ಕೈ... ಕೈ...”

ಕೂಡಲೇ ಷಣ್ಮುಖಪ್ಪ ಕೈ ಮುಗಿದ. ಕಾಂತಮ್ಮ ಮುಗಿದಳು. ಮೂಲೆಯಲ್ಲಿದ್ದ ಬಿಳಿ ಸೀರೆಯ ಶಂಕರಮ್ಮ ಮುಗಿದಳು. ಬಾಗಿಲಲ್ಲಿ ನಿಂತಿದ್ದ ಕಲ್ಲೇಶಪ್ಪ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಮುಗಿದ. ಕರಿಬಸಮ್ಮನೂ ಮುಗಿದಳು. ‘ನೋಡ್ಕಂಡವ್ರೆ’ ಎಂಬ ಮಾತು ನಾಲಗೆಯ ತುದಿಗೆ ಬಂದೂ ಬಿಟ್ಟಿತ್ತು.

ಅಷ್ಟರಲ್ಲಿ ಮುದುಕಿಯ ಬಲಗೈ ಎದ್ದು ಆ ಮುಷ್ಟಿಯ ಕಡೆಗೆ ಹೋಯಿತು. ಶಂಕರಮ್ಮ ಓಡಿಬಂದು ಅದನ್ನು ಹಿಡಿದು ಹಾಸಿಗೆಯ ಮೇಲೆ ಒತ್ತಿಟ್ಟಳು, ದಿನಾ ಮಾಡಿ ರೂಢಿಯಾದ ಕೆಲಸದ ಹಾಗೆ. ತೀರ್ಥಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದರು. ಕಣ್ಣಿನಿಂದ ನೀರಿಳಿಯಿತು.

ಕರಿಬಸಮ್ಮನಿಗೆ ತನ್ನ ಮುಗಿದ ಕೈಗಳನ್ನು ಕಂಡೇ ಅಸಹ್ಯವಾಯಿತು.

“ಆ ಕೈ ಬಿಚ್ಚಬೇಕು” ಎಂದಳು.

“ಏಯ್, ಲಿಂಗ ಐತೆ ಕಣಮ್ಮಾ! ನೀನು ಮುಟ್ಟಂಗಿಲ್ಲ” ಎಂದು ಕಲ್ಲೇಶಪ್ಪ ಮುಂದೆ ಬಂದ. “ಕುರಿ ಕಾಯೋರಿಗೆ ಶಿವಪೂಜೆ ವಿಚಾರ ಏನು ಗೊತ್ತು?”

“ಗೊತ್ತಿಲ್ಲಪ್ಪಾ. ಲಿಂಗ ಮುಟ್ಟಾಕೂ ಇಲ್ಲ. ಮಗಳವ್ಳೆ, ಅವ್ಳು ಬಿಚ್ತಾಳೆ. ನಾನು ಮಣಿಕಟ್ಟು ಹಿಡ್ಕಂತೀನಿ. ನಂಗೆ ಗೊರಸಿನ ವಿಚಾರ ಗೊತ್ತು.”

ಷಣ್ಮುಖಪ್ಪ ಕಲ್ಲೇಶಪ್ಪನ ಮುಖ ನೋಡಿದ, ತಂಗಿಯ ಮುಖ ನೋಡಿದ. ಕಾಂತಮ್ಮ ಅವನ ಅಪ್ಪಣೆಗೆ ಕಾಯಲಿಲ್ಲ. ಒಳಗಿನಿಂದ ಬೋಗುಣಿಯಲ್ಲಿ ಬಿಸಿನೀರು ತಂದಳು, ಮಲ್ಲಿಗೆ ಕಿತ್ತೆಸೆದಳು, ರೇಷ್ಮೆ ಬಿಚ್ಚಿದಳು. ಸಾಂಬ್ರಾಣಿಯನ್ನು ಮೆಟ್ಟಿ ನಾತ ಎದ್ದಿತು. ಸತ್ತ ಇಲಿಯ ನಾತ. ಷಣ್ಮುಖಪ್ಪ ಮೂಗಿಗೆ ವಲ್ಲಿ ಒತ್ತಿಕೊಂಡ.

“ಬೆರಳು ಎಳೀಬ್ಯಾಡ ಕಣೇ, ಮುರಿದೋಗ್ತವೆ” ಎಂದಳು ಕರಿಬಸಮ್ಮ. ಮಾವನ ಕೈಯನ್ನು ಒಂಬತ್ತು ವರ್ಷ ಬಿಡಿಸಿ ತೊಳೆದವಳು. ನೀರಿನಲ್ಲಿ ನೆನೆಸಿ, ಮಣಿಕಟ್ಟನ್ನು ಒಳಕ್ಕೆ ಮೆಲ್ಲಗೆ ಬಗ್ಗಿಸಿದಳು. ಬಗ್ಗಿಸಿದಂತೆಲ್ಲ ಬೆರಳು ತಾವಾಗಿ ಸಡಿಲಗೊಂಡವು.

ಒಳಗೆ ಲಿಂಗವಿತ್ತು. ಅದರ ಸುತ್ತ ಕಪ್ಪಗೆ ಕೊಳೆತು ಅಂಟಾಗಿದ್ದ ಹೂವು, ಬಿಲ್ವಪತ್ರೆ, ಹೆಪ್ಪುಗಟ್ಟಿದ ವಿಭೂತಿ. ನಾಲ್ಕು ಉಗುರೂ ಬೆಳೆದು ಅಂಗೈಯ ಮಾಂಸದೊಳಗೆ ಇಳಿದಿದ್ದವು. ಕೀವು ಬೋಗುಣಿಯ ನೀರಿನಲ್ಲಿ ಎಳೆಎಳೆಯಾಗಿ ತೇಲಿತು. ಇಷ್ಟು ದಿನ ಮನೆಮಂದಿಯೆಲ್ಲ ಕೈ ಮುಗಿದದ್ದು ಈ ಕೊಳೆಗೆ.

“ಕೈ ಬಿಚ್ಚಿ ಅಂತಿದ್ರು ಕಣಪ್ಪಾ ನಿಮ್ಮವ್ವ” ಎಂದಳು ಕರಿಬಸಮ್ಮ. “ನೀವು ಮುಗುದ್ರಿ.”

ಶಂಕರಮ್ಮ ಗೋಡೆಗೊರಗಿ ಅಳತೊಡಗಿದಳು. “ಪೂಜೆಗೇಂತ ನಾನೇ ಅಂಗೈಯಾಗಿಟ್ಟೆ. ಬೆರಳು ಕಚ್ಕಂಡ್ಬಿಡ್ತು, ಬರ್ಲೇ ಇಲ್ಲ. ಈ ಕಲ್ಲೇಶಪ್ಪೋರಿಗೆ ಹೇಳಿದ್ರೆ, ಅದು ಭಕ್ತಿ ಅನ್ನು, ಯಾರೂ ಮುಟ್ಟದಂಗೆ ನೋಡ್ಕೋ ಅಂದ್ರು.”

“ಲಕ್ವದ ಗುಣ ಅದು, ನಮ್ಮ ತಪ್ಪೇನು?” ಎಂದ ಕಲ್ಲೇಶಪ್ಪ. ಭಂಡತನಕ್ಕೆ ಬಣ್ಣ ಬೇರೆ ಬೇಕೆ! ಪುಸ್ತಕ ತೆರೆದು ಶಾಯಿಯ ಪ್ಯಾಡು ಚಾಚಿದ. “ಬೆನ್ನು ಹಿಮ್ಮಡಿ ಚೆನ್ನಾಗಿದ್ವಲ್ಲ? ಅಷ್ಟಕ್ಕೆ ಒಂದು ಹೆಬ್ಬೆಟ್ಟು ಒತ್ತಮ್ಮ.”

ಕಾಂತಮ್ಮ ಉಗುರು ಕತ್ತರಿಸಿ ಮುಗಿಸುವತನಕ ಕರಿಬಸಮ್ಮ ಮಣಿಕಟ್ಟು ಹಿಡಿದೇ ಕೂತಿದ್ದಳು. ಆಮೇಲೆ ಪುಸ್ತಕ ಈಸಿಕೊಂಡು, ‘ಶಾಂತವಾಗಿದ್ದಾರೆ’ ಎಂದು ಬರೆದಿದ್ದ ಹಾಳೆಯ ಮೇಲೆ ಆ ಉಗುರು, ಆ ಕೊಳೆತ ಹೂವು ಎಲ್ಲವನ್ನೂ ಸುರಿದು, ಪುಸ್ತಕ ಮುಚ್ಚಿ, ಮೇಲೆ ಅಂಗೈಯೂರಿ ಒತ್ತಿದಳು.

“ತಗಳಪ್ಪಾ. ಒತ್ತಿದೀನಿ.”

ಷಣ್ಮುಖಪ್ಪ ಮೂಗಿನಿಂದ ವಲ್ಲಿ ತೆಗೆದ. “ಆಚೆಗೆ ನಡಿಯಯ್ಯಾ” ಎಂದ ಕಲ್ಲೇಶಪ್ಪನಿಗೆ. ಅವನು ಬಸಿಯುವ ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ಮೆಟ್ಟಿಲಿಳಿದ.

ಕಾಂತಮ್ಮ ಲಿಂಗ ತೊಳೆದು ತನ್ನ ಎಡಗೈಯಲ್ಲಿಟ್ಟು ತಾಯಿಯ ಮುಂದೆ ಹಿಡಿದಳು. ತೀರ್ಥಮ್ಮ ಬಲಗೈಯಿಂದ ವಿಭೂತಿ ಧರಿಸಿದರು, ಒಂದು ಪತ್ರೆ ಏರಿಸಿದರು. ಅದಾದ ಮೇಲೆ ತಾವಾಗಿಯೇ ಬಾಯಿ ತೆರೆದರು. ಹಠವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಮೊದಲೆಲ್ಲ ಮುಷ್ಟಿಯ ಮೇಲೇ ಪತ್ರೆ ಏರಿಸಿ ಉಣ್ಣುತ್ತಿದ್ದ ಆ ಜೀವ, ಕೈ ಕೊಳೆತ ಮೇಲೆ ಪೂಜೆಯಿಲ್ಲದೆ ಉಣ್ಣಲಾರದೆ ಐದು ದಿನ ನರಳಿತ್ತು. ಅರ್ಧ ಬಟ್ಟಲು ರಾಗಿ ಗಂಜಿ ಇಳಿಯಿತು.

“ನೀವೂ ಊಟ ಮಾಡ್ಕಂಡು ಹೋಗಿ ಕರಿಬಸಮ್ಮ” ಎಂದ ಷಣ್ಮುಖಪ್ಪ. ಏಕವಚನ ಹೋಗಿ ಬಹುವಚನ ಬಂದಿತ್ತು.

“ಇವತ್ತು ಅನ್ನ ಇಳಿಯಾಕಿಲ್ಲಪ್ಪಾ.”

ಕಾಂತಮ್ಮ ತಾಯಿಯ ಹತ್ತಿರ ಉಳಿದಳು. ಹಿತ್ತಲಲ್ಲಿ ಕರಿಬಸಮ್ಮ ಬೂದಿ ಹಾಕಿ ಕೈ ಉಜ್ಜಿದಳು, ಸೀಗೆಪುಡಿ ಹಾಕಿ ಉಜ್ಜಿದಳು. ಕಡೂರಿನ ಬಸ್ಸಿನಲ್ಲಿ ಕೂತು ಮೂಸಿದರೆ ನಾತ ಹಾಗೇ ಇತ್ತು. ಕೀವು ಹಿಡಿದ ಕೈಯದೋ, ಎಲ್ಲರ ಜೊತೆ ತಾನೂ ಮುಗಿದ ಕೈಯದೋ, ಅವಳಿಗೆ ತಿಳಿಯಲಿಲ್ಲ. ಅಂದಿನಿಂದ ಯಾರ ಮನೆಗೆ ಹೋದರೂ ಬೆನ್ನಿಗಿಂತ ಮೊದಲು ಅಂಗೈ ನೋಡುತ್ತಿದ್ದಳು.