ಪಾರು ಹೇಳಿದ ಸಿನಿಮಾ

ಪಕ್ಕದ ಸೀಟಿನ ಹೆಂಗಸು ಸೆರಗು ಸರಿಮಾಡಿಕೊಂಡಾಗ ಅತ್ತರಿನ ವಾಸನೆ ಬಂತು. ಮೈಸೂರಿನ ಮಾಲ್‌ನ ತಣ್ಣನೆಯ ಚಿತ್ರಮಂದಿರದಲ್ಲಿ, ಬೆಣ್ಣೆ ಸವರಿದ ಪಾಪ್‌ಕಾರ್ನಿನ ಘಾಟಿನ ನಡುವೆ, ಅದು ಒಂದು ಎಳೆಯಷ್ಟೇ ಇತ್ತು. ಅಷ್ಟು ಸಾಕಾಯಿತು. ಹೊಸಹೊಳಲಿನಲ್ಲಿ ನಮ್ಮ ತಾತನ ಮನೆಯ ಜಗಲಿ, ಸುಗ್ಗಿಯಲ್ಲಿ ಆಲೆಮನೆಗಳಿಂದ ತೇಲಿ ಬರುತ್ತಿದ್ದ ಬೆಲ್ಲದ ಕಂಪು, ಕಂದೀಲಿನ ಬೆಳಕು ಬೀಳದ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂರುತ್ತಿದ್ದ ಅತ್ತರು ಹಚ್ಚಿದ ಪಕ್ಕದ ಮನೆಯ ಜುಲೇಖಮ್ಮ, ಎಲ್ಲ ಒಟ್ಟಿಗೆ ಎದ್ದು ಬಂದವು. ಆ ಮನೆ ಈಗಿಲ್ಲ. ಜಗಲಿಯಿದ್ದ ಜಾಗದಲ್ಲಿ ಸಿಮೆಂಟಿನ ಅಂಗಡಿ ಸಾಲಿದೆ. ಅಂಥ ಜಗಲಿಯೊಂದು ನಿಮಗೂ ಇದ್ದಿರಬೇಕು. ಅದರ ಮೇಲೆ ಈಗ ಏನು ಕಟ್ಟಿದ್ದಾರೆಂದು ನಿಮಗೂ ಗೊತ್ತಿರಬೇಕು.

ತಾತ ಮೇಷ್ಟರಾಗಿದ್ದವರು. ಏಳುವುದು, ಮೀಯುವುದು, ಓದುವುದು, ಉಣ್ಣುವುದು ಎಲ್ಲಕ್ಕೂ ಆ ಮನೆಯಲ್ಲಿ ಹೊತ್ತು ಗೊತ್ತಿತ್ತು. ಮುಂದೆ ನಾನು ಡ್ರಿಲ್ ಟೀಚರಾಗಿ ಮಕ್ಕಳನ್ನು ಸಾಲು ನಿಲ್ಲಿಸಿದ್ದು ಆ ಮನೆಯಲ್ಲಿ ಕಲಿತ ವಿದ್ಯೆಯಿಂದಲೇ. ಸಿನಿಮಾಕ್ಕೂ ಅಲ್ಲೊಂದು ಕಟ್ಟಳೆಯಿತ್ತು. ಕೆ.ಆರ್. ಪೇಟೆಯ ಟೆಂಟಿಗೆ ಚಿತ್ರ ಬಂದಾಗ ಮನೆಯಿಂದ ಒಂದು ಮಗು ಮಾತ್ರ ಹೋಗಬೇಕು. ಹೋದ ಮಗು ಮಾರನೆಯ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ನಿಂತು ಇಡೀ ಚಿತ್ರವನ್ನು ಎಲ್ಲರಿಗೂ ಹೇಳಬೇಕು. ಕೊನೆಗೆ ತಾತ ಯಾರು ಚೆನ್ನಾಗಿ ನಟಿಸಿದರು, ಯಾರು ಕೆಡಿಸಿದರು ಎಂದು ತೀರ್ಪು ಕೊಡುತ್ತಿದ್ದರು. ಬದುಕಿನಲ್ಲಿ ಒಂದು ಚಿತ್ರವನ್ನೂ ನೋಡಿದವರಲ್ಲ. ಆದರೂ ಅವರ ತೀರ್ಪಿಗೆ ಎದುರಾಡುವವರಿರಲಿಲ್ಲ. ಹಿಂದಿ ಚಿತ್ರವಾದರೆ ಜುಲೇಖಮ್ಮ ಜೊತೆಗೆ ಹೋಗಿ ಮಾತಿನ ಅರ್ಥವನ್ನು ಕಿವಿಯಲ್ಲಿ ಹೇಳುತ್ತಿದ್ದರು.

ನಾನೂ ನನ್ನ ತಂಗಿ ಪಾರುವೂ ಸರದಿಯ ಮೇಲೆ ಹೋಗುತ್ತಿದ್ದೆವು. ನಾನು ಒಂದು ದೃಶ್ಯವನ್ನೂ ಹಿಂದುಮುಂದು ಮಾಡದೆ ಹೇಳುತ್ತಿದ್ದೆ. ಪಾರು ಮಧ್ಯದಿಂದ ಹಿಡಿಯುತ್ತಿದ್ದಳು, ಹೆಸರು ಮರೆಯುತ್ತಿದ್ದಳು, ಅಜ್ಜಿಯ ಶಾಲು ಹೊದ್ದು ನಾಯಕನ ತಾಯಿಯಾಗಿ ಕೆಮ್ಮುತ್ತಿದ್ದಳು. ಜನ ಅವಳ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ. ನಾನು ಹೇಳುವಾಗ ಮನೆಯ ಸೊಸೆಯರಾದ ಅತ್ತೆಯರು ಹೂ ಕಟ್ಟುತ್ತಿದ್ದರು. ಅವಳು ಹೇಳುವಾಗ ಹೂ ಮಡಿಲಲ್ಲೇ ಬಾಡುತ್ತಿತ್ತು.

ಅಮ್ಮ ತಾತನಿಗೆ ಒಬ್ಬಳೇ ಮಗಳು. ಅವಳು ತೀರಿಕೊಂಡ ಮರುವರ್ಷ ಒಂದು ಹಿಂದಿ ಚಿತ್ರ ಬಂತು. ಸರದಿ ನನ್ನದು. ಲಂಗ ಮಡಿಸಿ ದಿಂಬಿನ ಕೆಳಗಿಟ್ಟುಕೊಂಡು ಕಾದಿದ್ದೆ. ತಾತ ನನ್ನ ತಲೆ ನೇವರಿಸಿ, "ಈ ಸಲ ಪಾರು ಹೋಗ್ಲಿ ಕಣವ್ವ. ನೀ ಹೇಳಿದ್ರೆ ವರದಿ ಓದ್ದಂಗಿರ್ತದೆ" ಎಂದರು. ಹೊತ್ತನ್ನು ಒಮ್ಮೆಯೂ ತಪ್ಪಿಸದ ಮನುಷ್ಯ ಪಾರುವಿಗಾಗಿ ಸರದಿ ತಪ್ಪಿಸಿದರು.

ಮಾರನೆಯ ಸಂಜೆ ಪಾರು ಆ ಚಿತ್ರವನ್ನು ಹೇಳಿದಳು. ಗಂಡನ ಮನೆಯಲ್ಲಿ ನೊಂದ ತಾಯಿ ಮಕ್ಕಳನ್ನು ಬಿಟ್ಟು ರೈಲು ಹತ್ತುತ್ತಾಳೆ. ರೈಲು ಹೊರಡುತ್ತದೆ. ಅಷ್ಟರಲ್ಲಿ ಅವಳು ಧುಮುಕಿ, ಹಳಿಗುಂಟ ಓಡಿ ಮನೆಗೆ ಬಂದು, ಕೈ ತೊಳೆದು, ಮಕ್ಕಳಿಗೆ ಅನ್ನ ಕಲಸುತ್ತಾಳೆ. ಪಾರು ಕಲಸಿದ್ದು ಬರಿಯ ಗಾಳಿಯನ್ನು. ತುತ್ತು ಮಾಡಿ ನನ್ನ ಬಾಯಿಗೂ ಹಿಡಿದಳು. ನಾನು ಬಾಯಿ ಬಿಗಿದುಕೊಂಡೆ. ತಾತ ಮೇಲಿನ ಪಂಚೆಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಆಮೇಲೆ ಮೂಲೆಯತ್ತ ತಿರುಗಿ, "ನಿಜ್ವಾಗ್ಲೂ ಇಳಿದ್ಬುಟ್ಲಾ ಜುಲೇಖಮ್ಮ?" ಎಂದು ಕೇಳಿದರು. "ಇಳಿದ್ಳು ಮೇಷ್ಟ್ರೇ. ಬಚ್ಚಿ ಸರಿಯಾಗೇ ಹೇಳ್ತಾ ಅವ್ಳೆ" ಎಂದರು ಜುಲೇಖಮ್ಮ. ಅಂದಿನ ತೀರ್ಪು ನನಗೆ ಇವತ್ತಿಗೂ ಚುಚ್ಚುತ್ತದೆ: "ಅವ್ಳಂಗೆ ಯಾರೂ ಮಾಡಾಕಿಲ್ಲ."

ಆ ಚಿತ್ರವನ್ನು ನಾನು ಮುಂದೆಯೂ ನೋಡಲಿಲ್ಲ. ಹಟ ಎಂದರೂ ಸರಿ. ಆದರೆ ಯಾವ ಚಿತ್ರದ ಯಾವ ನಟಿಯನ್ನು ತೂಗುವಾಗಲೂ ರೈಲಿನಿಂದ ಧುಮುಕಿದ ಆ ತಾಯಿಯನ್ನೇ ಎದುರು ತಟ್ಟೆಯಲ್ಲಿ ಇಟ್ಟಿದ್ದೇನೆ.

ಈಗ ಅದರ ಎರಡನೆಯ ಭಾಗ ಬಂದಿದೆ ಎಂದು ತಿಳಿದ ಕೂಡಲೇ ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ ಬೆಳಗಿನ ಆಟಕ್ಕೇ ಹೋದೆ. ಈ ಸಲ ಪಾರುವಿಗಿಂತ ಮೊದಲು ನೋಡಬೇಕಿತ್ತು. ಮೊದಲು ನನ್ನ ತೀರ್ಪು. ತಂದೆಯ ಪಾತ್ರದಲ್ಲಿ ಅಂದಿನ ನಾಯಕನೇ ಇದ್ದಾನೆ, ಮುದುಕನಾಗಿ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ನಿಲ್ಲುವ ಒಂದು ಗಳಿಗೆಯಲ್ಲಿ ಅವನು ಚಿತ್ರವನ್ನೇ ಹೊತ್ತು ನಿಲ್ಲುತ್ತಾನೆ. ಮಾತಾಡಿದ ಕಡೆಯೆಲ್ಲ ಕೆಳಗಿಳಿಸುತ್ತಾನೆ. ಮಗಳಾಗಿರುವ ಹೊಸ ಹುಡುಗಿಗೆ ದುಃಖಕ್ಕಿಂತ ಮೊದಲೇ ಕಣ್ಣೀರು ಬರುತ್ತದೆ. ಚೆಲುವೆ, ಶ್ರದ್ಧೆಯೂ ಇದೆ, ಆದರೆ ಕ್ಯಾಮೆರಾ ಎಲ್ಲಿದೆಯೆಂಬುದನ್ನು ಒಮ್ಮೆಯೂ ಮರೆಯುವುದಿಲ್ಲ. ಹಾಡುಗಳು ಬೇಡವಾಗಿದ್ದವು.

ನನ್ನನ್ನು ಕಾಡಿದ್ದು ಕತೆ. ಬಿಟ್ಟುಹೋದ ತಾಯಿಯನ್ನು ಮಗಳು ಊರೂರು ಹುಡುಕುತ್ತಾಳಂತೆ. ಬಿಟ್ಟುಹೋದದ್ದೆಲ್ಲಿ, ಅವಳು ಇಳಿದು ಬಂದಳಲ್ಲ ಎಂದು ಸಿಡುಕಿದೆ. ಪಕ್ಕದ ಹೆಂಗಸು ನನ್ನತ್ತ ನೋಡಿದಳು. ಅಷ್ಟರಲ್ಲಿ ಪರದೆಯ ಮೇಲೆ ಹಳೆಯ ಚಿತ್ರದ ತುಣುಕು ಬಂತು. ಮಾಸಿದ ಬಣ್ಣ, ರೈಲು, ಕಿಟಕಿಯಲ್ಲಿ ಆ ತಾಯಿ. ರೈಲು ಹೊರಟಿತು. ಅವಳು ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಯಾರೂ ಕಾಣಲಿಲ್ಲ. ರೈಲು ಸಣ್ಣದಾಗುತ್ತ ಹೋಗಿ ಹಳಿ ಮಾತ್ರ ಉಳಿಯಿತು. ಚಿತ್ರದ ಕೊನೆಯಲ್ಲಿ ಮಗಳಿಗೆ ಸಿಗುವುದು ತಾಯಿಯ ಸಮಾಧಿ.

ಪಾರು ಪಾಂಡವಪುರದಲ್ಲಿದ್ದಾಳೆ. ಮಂಡಿನೋವು, ಹೊರಗೆ ಓಡಾಡುವುದಿಲ್ಲ. ಮಾರನೆಯ ಬೆಳಿಗ್ಗೆ ನಡಿಗೆ ಮುಗಿಸಿ, ತಿಂಡಿ ತಿಂದು ಅವಳಲ್ಲಿಗೆ ಹೋದೆ. ಬಾಗಿಲ ಬಳಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

"ಆ ತಾಯಿ ರೈಲಿನಿಂದ ಇಳಿಯಲೇ ಇಲ್ಲವಲ್ಲೇ!" ಎಂದೆ, ಚಪ್ಪಲಿ ಬಿಡುವ ಮೊದಲೇ.

ಅವಳ ಕೈ ನಿಲ್ಲಲಿಲ್ಲ. "ಈಗ್ ಗೊತ್ತಾಯ್ತಾ? ಕುತ್ಕೋ ಬಾ, ನೀನೇ ಅವ್ಳ್ನ ಇಳಿಸೋಕೆ ಬಂದಂಗದೆ ಮೊಕ."

"ತಾತನಿಗೆ ಸುಳ್ಳು ಹೇಳಿದೆ."

"ಇನ್ನೇನ್ ಮಾಡ್ಲಿ? ಅಮ್ಮ ಓಗಿ ವರ್ಷ ಆಗಿತ್ತು. ತಾತ ಅಂಗೇ ನೋಡ್ತಾವ್ರೆ. ಒಂಟೋದ್ಲು ಅನ್ನಾಕೆ ಬಾಯೇ ಬರ್ನಿಲ್ಲ ಕಣಕ್ಕ. ಇಳಿಸ್ಬುಟ್ಟೆ."

ಒಂದು ಹುಳುಕು ಕಾಳನ್ನು ಆರಿಸಿ ಎಸೆದಳು. ನಾನು ಅಷ್ಟು ವರ್ಷ ನಟಿಯರನ್ನೆಲ್ಲ ತೂಗಿ ಹಗುರ ಮಾಡಿದ್ದು ಅಂದು ಜಗಲಿಯಲ್ಲಿ ನಿಂತಿದ್ದ ಈ ಮೋಟು ಜಡೆಯ ಹುಡುಗಿಯ ಎದುರಿಗೆ. ತಾತನ ತೀರ್ಪಿನ "ಅವಳು" ಯಾರೆಂಬುದು ತಾತನಿಗೆ ಗೊತ್ತಿತ್ತೇನೋ.

"ಅದಿರ್ಲಿ, ಈ ಸಲ ತಾಯಿ ಸಿಕ್ಕಿದ್ಲಾ?" ಎಂದಳು ಪಾರು. ಈಗ ಕೈ ನಿಂತಿತ್ತು.

ನಾನು ಇದ್ದದ್ದನ್ನು ಇದ್ದಂತೆ ಹೇಳುವವಳು. "ಸಿಕ್ಕಿದಳು" ಎಂದೆ.

"ಏನ್ ಉಟ್ಟಿದ್ಲು?"

ಕಣ್ಣು ಮುಚ್ಚಿ ಹುಡುಕಿದೆ. ಅಡುಗೆಮನೆಯ ಬಾಗಿಲಲ್ಲಿ ಅಮ್ಮನಂಥ ಒಂದು ಆಕಾರ ಕಂಡಿತು, ಬಣ್ಣ ಕಾಣಲಿಲ್ಲ.

ಪಾರು ಮೊರವನ್ನು ಪಕ್ಕಕ್ಕೆ ಸರಿಸಿ, "ಅಸಿರು ಸೀರೆ. ಅಂಚು ಒಂದ್ ಕಡೆ ಅರಿದಿತ್ತು, ಒಲಿಗೆ ಆಕಿದ್ಲು. ಸೊಂಟಕ್ಕೆ ಸಿಗಿಸ್ಕಂಡಿದ್ಲು" ಎಂದಳು.

ಅವಳು ಹೇಳುತ್ತ ಹೋದಳು. ನಾನು ಕೇಳುತ್ತ ಕುಳಿತೆ.