ನೆಲದ ಕಿಂಡಿ ಮುಚ್ಚಿದ ಮಾಯಿ ತಪೇರಾ

ನಮ್ಮ ಹರಾರೆಯ ಮಾಯಿ ತಪೇರಾ, ಅಂದರೆ ತಪೇರಾನ ತಾಯಿ, ಮೇಣ ಹಚ್ಚಿ ತಿಕ್ಕಿದ ನೆಲದ ಮೇಲೆ ನೊಣ ಕೂತರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು. ಕುಂಟುವ ನೊಣಗಳನ್ನು ಕಣ್ಣಾರೆ ಕಂಡಿದ್ದೇನೆ. ಖಾಲಿ ಜಾಗ ಕಂಡರೆ ಅವಳಿಗೆ ತಡೆಯದು. ನೂಲಿನ ಕ್ರೋಶಾ ಹೊದಿಕೆ ಹೆಣೆದು, ಸಕ್ಕರೆ ಪಾಕದಲ್ಲಿ ಅದ್ದಿ, ಹಪ್ಪಳದಂತೆ ಸೆಟೆಸಿ ಹೊದಿಸಿಬಿಡುವಳು. ರೇಡಿಯೋಗೂ ಒಂದು, ಹೂಜಿಗೂ ಒಂದು.

ಅವಳು ಗುಡಿಸುವ ಕಚೇರಿಯಲ್ಲೇ ನಾನು ಎಸಿ ರಿಪೇರಿಯವನು. ಯಜಮಾನ ಮಡ್ಜಿವಾ ಹೊಸ ಕಟ್ಟಡಕ್ಕೆ ಯಾವ ಬಗೆಯ ಎಸಿ ಹಾಕಿಸುವುದೆಂದು ತಿಳಿಯಲು ಇಲ್ಲೇ ಒಂದು ಪರೀಕ್ಷೆ ಇಟ್ಟಿದ್ದ. ಮೂರನೇ ಮಹಡಿಗೆ ಎಂದಿನಂತೆ ಸೂರಿನಿಂದ ತಣ್ಣನೆ ಗಾಳಿ, ನಾಲ್ಕನೆಯದಕ್ಕೆ ನೆಲದ ಕಿಂಡಿಗಳಿಂದ. ಸೂರಿನ ಗಾಳಿ ಮೇಲೇರುವ ಬಿಸಿಯ ಜೊತೆ ಗುದ್ದಾಡಿ ಇಳಿಯಬೇಕು, ಜೋರಾಗಿ ಊದಬೇಕು. ಒಮ್ಮೆ ಗುಮಾಸ್ತನ ತಲೆಯ ವಿಗ್ಗು ಹಾರಿ ಬಸ್ ನಿಲ್ದಾಣ ಸೇರಿತ್ತು! ನೆಲದ್ದು ಮೆಲ್ಲಗೆ ಎದ್ದು, ಕೂತವರನ್ನು ತಂಪಾಗಿಸಿ, ಬಿಸಿಯನ್ನು ಸೂರಿಗೆ ಸಾಗಹಾಕುತ್ತದೆ.

ಅಕ್ಟೋಬರ್ ಬಿಸಿಲಲ್ಲಿ ಯಜಮಾನ ನೋಡಲು ಬಂದ. ನಾಲ್ಕನೇ ಮಹಡಿಯ ಬಾಗಿಲು ತೆರೆದರೆ ಮುಖಕ್ಕೆ ಬೆಂಕಿ ಬಡಿದಂತಾಯಿತು.

"ಏನಯ್ಯಾ, ಬ್ರೆಡ್ಡು ಸುಡೋಕಿಟ್ಟಿದೀಯಾ?"

ಕೆಳಗೆ ನೋಡಿದೆ. ಒಂದೊಂದು ಕಿಂಡಿಯ ಮೇಲೂ ಗಾಳಿಯಾಡದಷ್ಟು ಒತ್ತಾಗಿ ಹೆಣೆದ ಬಿಳಿ ಕ್ರೋಶಾ ಹೂವು!

"ಯಾರು ಮಾಡಿದ್ದು ಇದು?" ಯಜಮಾನ ಗುಡುಗಿದ.

"ನಾನೇ ಬಾಬಾ," ಎಂದಳು ಮಾಯಿ ತಪೇರಾ. "ನೀವು ಬರೋ ದಿನ ನೆಲ ಎಲ್ಲಾ ತೂತು ತೂತು ಬಿಟ್ಟಿದ್ರೆ ನನ್ನ ಏನಂತಾರೆ? ಮಗಳ ಮದುವೆಗೆ ಹೆಣೆದಿದ್ದನ್ನೇ ತಂದು ಹೊದಿಸ್ದೆ."

"ನಾಳೆಯಿಂದ ಬರಬೇಡ!"

ಮಾಯಿಯದು ಗಂಡನಿಲ್ಲದ ಮನೆ, ಒಲೆ ಉರಿಯುತ್ತಿದ್ದುದೇ ಈ ಕೆಲಸದಿಂದ. ಬಗ್ಗಿ ಒಂದೊಂದೇ ಕಿತ್ತು ಗಂಟು ಕಟ್ಟಿಕೊಂಡಳು. ಕಿತ್ತಲ್ಲೆಲ್ಲ ತಂಪು ಎದ್ದಿತು. ನೋಡನೋಡುತ್ತ ಯಜಮಾನ ಕೋಟಿನ ಗುಂಡಿ ಹಾಕಿದ.

"ಭಲೇ! ಹೊಸ ಕಟ್ಟಡಕ್ಕೂ ಇದೇ ಇರ್ಲಿ," ಎಂದು ಕುರ್ಚಿಯಲ್ಲಿ ಕೂತವನು ಥಟ್ಟನೆ ಕಾಲು ಮೇಲೆತ್ತಿದ. ಕಿಂಡಿ ಪಾದದ ಬುಡದಲ್ಲೇ ಇತ್ತು. "ಅಯ್ಯಯ್ಯೋ, ಥಂಡಿಗೆ ನನ್ನ ಮಂಡಿ ಹಿಡ್ಕೊಳ್ತು! ಮಾಯಿ, ಅದರಲ್ಲಿ ಒಂದು ಇಲ್ಲಿ ಹಾಕಮ್ಮ."

ಅವಳು ಗಂಟನ್ನು ಎದೆಗವಚಿಕೊಂಡಳು. "ಕೆಲಸದಿಂದ ತೆಗೆದೋಳಿಗೆ ಕೆಲಸ ಹೇಳ್ತಾರಾ ಬಾಬಾ?"

ಆ ಮನುಷ್ಯನಿಗೆ ಯಾರೂ ಎದುರಾಡಿದ್ದಿಲ್ಲ. ಅವನು ಅವಳನ್ನು ನೋಡಿದ, ತನ್ನ ಮಂಡಿಯನ್ನು ನೋಡಿದ.

"ಹಾಕಮ್ಮ. ನಾಳೆ ಬೆಳಿಗ್ಗೆ ಬಂದು ತೆಗೀವಂತೆ."

ಗಂಟು ಬಿಚ್ಚಿ, ಇದ್ದುದರಲ್ಲೇ ಚಿಕ್ಕದನ್ನು ಆರಿಸಿ ಹಾಕಿದಳು.