ಆಟಿಗೆ ವೀಸಾ ಬೇಕಾಗಿರಲಿಲ್ಲ

ಇದನ್ನು ಬರೆಯಬೇಕೆಂದು ಕುಳಿತು, ಈ ಅಂಕಣಕ್ಕೆ ಬೇರೇನನ್ನೋ ಬರೆದು ಕಳಿಸಿದ ವಾರಗಳು ಬಹಳ. ಕಳೆದ ವಾರ ನೀವು ಓದಿದ ಹಲಸಿನ ಬೀಜದ ಪುರಾಣ ಹುಟ್ಟಿದ್ದು ಹಾಗೆ. ಅದಕ್ಕೂ ಮೊದಲು ಬಸ್ಸಿನ ಕಿಟಕಿ ಸೀಟಿನ ಬಗ್ಗೆ ಬರೆದದ್ದೂ ಹಾಗೆಯೇ. (ಚೆನ್ನಾಗಿತ್ತು ಎಂದು ಫೋನ್ ಮಾಡಿದವರಿಗೆ ವಂದನೆ. ಅದು ತಪ್ಪಿಸಿಕೊಳ್ಳಲು ಬರೆದದ್ದು.)

ಮೊನ್ನೆ ಆದಿತ್ಯವಾರ ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ.

ಹಿಂದೆ ಬಂಟ್ವಾಳದಲ್ಲಿ ನಮ್ಮ ನೆರೆಯಲ್ಲಿದ್ದು ಈಗ ಬೆಳ್ತಂಗಡಿಗೆ ಹೋಗಿರುವವರ ಮಗಳು ಶ್ವೇತಾ ಮನೆಯವಳ ಹತ್ತಿರ ಬ್ಲೌಸ್ ಹೊಲಿಸಲು ಬಂದಿದ್ದಳು. ಬೆಳ್ತಂಗಡಿಯಲ್ಲಿ ಟೈಲರ್ ಇಲ್ಲವೇ? ಇದ್ದಾರೆ. ಆದರೆ ಅವಳಿಗೆ ಬ್ಲೌಸಿನ ಜೊತೆಗೆ ಒಂದು ಸಂಶಯವೂ ಇತ್ತು. ನ್ಯೂಜಿಲೆಂಡಿನಲ್ಲಿರುವ ಅಕ್ಕನ ಮನೆಗೆ ಹೊರಟಿದ್ದಾಳೆ. ವಿಸಿಟರ್ ವೀಸಾ ಸಿಕ್ಕಿದೆ.

"ಆಂಟಿ, ವಿಸಿಟರ್ ಅಂತ ಹೋಗಿ, ಅಲ್ಲಿ ಮನಸ್ಸಾದ್ರೆ ಅಲ್ಲಿಂದಲೇ ಸ್ಟೂಡೆಂಟ್ ಮಾಡ್ಲಿಕ್ಕೆ ಆಗ್ತದಾ?"

ನಾನು ಜಗಲಿಯಲ್ಲಿ ಪೇಪರ್ ಓದುತ್ತಿದ್ದೆ. 'ಅಂಕಲ್‌ನ ಹತ್ತಿರ ಕೇಳು' ಎಂದು ಮನೆಯವಳು ಹೇಳಬಹುದೆಂದು ಕಾದೆ. (ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯಕ್ಕೆಲ್ಲ ಉತ್ತರ ಕೊಡುವವನು ನಾನು.) ಅವಳು ಹೇಳಲಿಲ್ಲ.

"ಆಗ್ತದೆ. ಆದ್ರೆ ಮೊದಲು ಅಲ್ಲಿಯ ಕಾಲೇಜು ಸೀಟು ಕೊಡ್ತೇವೆ ಅಂತ ಬರೆದು ಕೊಡ್ಬೇಕು. ಮತ್ತೆ ಅರ್ಜಿ. ಕೈಯಲ್ಲಿದ್ದ ವೀಸಾ ಮುಗಿಯುವ ಮೊದಲೇ ಅರ್ಜಿ ಹೋಗ್ಬೇಕು, ಅದು ಮುಖ್ಯ. ರೂಲ್ಸ್ ಬದಲಾಗ್ತಾ ಇರ್ತದೆ, ಹೋಗುವ ಮೊದಲು ಒಮ್ಮೆ ನೋಡಿಕೋ."

ಬ್ಲೌಸ್ ಹೊಲಿಯುವವಳಿಗೆ ಇದೆಲ್ಲ ಹೇಗೆ ಗೊತ್ತು? ಗೊತ್ತಿರಲೇಬೇಕು. ಅವಳು ಆ ಬಾಗಿಲವರೆಗೆ ಹೋಗಿ ತಿರುಗಿ ಬಂದವಳು. ಬಾಗಿಲು ಹಾಕಿದ್ದು ಮಾತ್ರ ಆ ದೇಶವಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನ್ಯೂಜಿಲೆಂಡಿನಲ್ಲಿ ಮಗಳ ಹೆರಿಗೆ. ಬಾಣಂತನಕ್ಕೆ ತಾಯಿ ಹೋಗಬೇಕಲ್ಲ? ಬಟ್ಟೆಯ ನಡುವೆ ಮೆಂತೆಯ ಪೊಟ್ಟಣ ಸುತ್ತಿಕೊಂಡು, ವಿಸಿಟರ್ ವೀಸಾದಲ್ಲಿ ಮನೆಯವಳು ಹೋದಳು. ಮೊಮ್ಮಗಳು ಹುಟ್ಟಿದಳು. ಇವಳು ಅಲ್ಲಿ ಒಂದು ಹಳೆಯ ಮೆಷಿನ್ ಸಂಪಾದಿಸಿ ಮಗುವಿಗೆ ಫ್ರಾಕ್ ಹೊಲಿದಳು. ಆ ಫ್ರಾಕನ್ನು ಮಗಳ ನೆರೆಯ ಒಬ್ಬ ಹೆಂಗಸು ನೋಡಿದಳು. ಆ ಹೆಂಗಸು ಉಡುಪಿನ ವಿನ್ಯಾಸ ಕಲಿಸುವ ಕಾಲೇಜಿನ ಟೀಚರ್! ಫ್ರಾಕಿನ ಒಳಗನ್ನು ಹೊರಗೆ ತಿರುಗಿಸಿ ಹೊಲಿಗೆ ನೋಡಿ, 'ಇದನ್ನು ಎಲ್ಲಿ ಕಲಿತಿರಿ' ಎಂದು ಕೇಳಿದಳಂತೆ.

ಎಲ್ಲಿಯೂ ಕಲಿತಿರಲಿಲ್ಲ. ನಾರಾವಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಬಸ್ಸಿನಲ್ಲಿ ಮೂಡುಬಿದಿರೆಗೆ ಹೋಗಿ ಕಾಲೇಜು ಓದುವ ಆಸೆ ಇತ್ತು. ಅಷ್ಟರಲ್ಲಿ ನಾನು ಹೆಣ್ಣು ನೋಡಲು ಹೋದೆ. ಪಾಠ ಅಲ್ಲಿಗೆ ಮುಗಿಯಿತು.

ಆ ಟೀಚರಿನ ಕಾಲೇಜಿನಲ್ಲಿ ಒಂದು ವರ್ಷದ ಕೋರ್ಸ್ ಇತ್ತು. ಟೀಚರೇ ಓಡಾಡಿ ಸೀಟು ಕೊಡಿಸಿದಳು. ಮಗಳು ಸೀಟಿನ ಕಾಗದದ ಫೋಟೋ ಕಳಿಸಿದಳು. ರೇಷನ್ ಕಾರ್ಡಿನಿಂದ ಹಿಡಿದು ಮದುವೆಯ ಕಾಗದಗಳವರೆಗೆ ಇವಳ ಹೆಸರಿನ ಹಿಂದೆಯೋ ಮುಂದೆಯೋ ನಾನು ನಿಂತಿರುತ್ತೇನೆ. ಸೀಟಿನ ಆ ಕಾಗದದಲ್ಲಿ ನಾನು ಇರಲಿಲ್ಲ. ಎರಡು ಸಲ ಹುಡುಕಿದೆ.

ನನಗೆ ಮೊದಲು ಬಂದದ್ದು ಕುತೂಹಲ, ಸುಳ್ಳು ಹೇಳುವುದಿಲ್ಲ. ಒಬ್ಬಳು ನೆಂಟಳಾಗಿ ಹೋಗಿದ್ದಾಳೆ. ಕುಳಿತ ಕುರ್ಚಿಯಿಂದ ಏಳದೆ ವಿದ್ಯಾರ್ಥಿ ಆಗುತ್ತಾಳೆ. ಊಟ ಅದೇ, ಹಾಸಿಗೆ ಅದೇ, ಮುಖ ಅದೇ. ಬದಲಾಗುವುದು ಏನು? ಬಂದದ್ದು ಯಾಕೆ ಎಂಬ ಪ್ರಶ್ನೆಯ ಉತ್ತರ ಮಾತ್ರ. ಅಷ್ಟಕ್ಕೆ ಒಂದು ಸರಕಾರ ಕುಳಿತು ಯೋಚಿಸುತ್ತದೆಯೇ?

"ಅಪ್ಪ, ಅಮ್ಮನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬೇಕು," ಎಂದಳು ಮಗಳು. "ಕಪಾಟಿನಲ್ಲಿ, ಮದುವೆ ಸೀರೆಯ ಕೆಳಗೆ ಉಂಟಂತೆ. ಸ್ಕ್ಯಾನ್ ಮಾಡಿಸಿ ಕಳಿಸಿ. ವೀಸಾ ಮುಗಿಯುವ ಮೊದಲು ಅರ್ಜಿ ಹಾಕ್ಬೇಕು."

ನಾಳೆಯೇ ಕಳಿಸುತ್ತೇನೆ ಎಂದೆ. ನಿಜವಾಗಿಯೂ ಹಾಗೆ ಅಂದುಕೊಂಡಿದ್ದೆ.

ಮರುದಿನ ಫರಂಗಿಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುವಾಗ ಗೆಳೆಯ ಇಸ್ಮಾಯಿಲ್‌ಗೆ ಈ ಸುದ್ದಿ ಹೇಳಿದೆ. ಸ್ವಲ್ಪ ಜಂಬದಿಂದಲೇ ಹೇಳಿದೆ.

"ಎಂಥ ಮಾರಾಯ್ರೆ, ನಿಮ್ಮ ಮನೆಯವರು ಕಾಲೇಜಿಗಾ?" ಎಂದ ಅವನು. "ಹಾಗಾದ್ರೆ ಪೋಷಕರ ಸಭೆಗೆ ನೀವೇ ಹೋಗ್ಬೇಕಲ್ಲ!"

ಹೋಟೆಲಿಗೆ ಹೋಟೆಲೇ ನಕ್ಕಿತು. ನಾನೂ ನಕ್ಕೆ. ಅವನು ತಮಾಷೆಗೆ ಹೇಳಿದ್ದು, ಮರುದಿನಕ್ಕೆ ಮರೆತಿರಬೇಕು. ನಾನು ಮರೆಯಲಿಲ್ಲ. ಮನೆಗೆ ಬಂದು ತಣ್ಣಗಿನ ಗಂಜಿಯ ಮುಂದೆ ಕುಳಿತಾಗ ಇನ್ನೊಂದು ಯೋಚನೆಯೂ ಬಂತು. ಇನ್ನೂ ಒಂದು ವರ್ಷ ಹೀಗೆಯೇ?

ಆಗ ಆಟಿ ಸುರುವಾಗಿತ್ತು.

ಆಟಿ ಗೊತ್ತಲ್ಲ? ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ತುಳುವರ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸತು ಯಾವುದಕ್ಕೂ ಕೈ ಹಾಕುವುದಿಲ್ಲ. (ಕೆಸುವಿನ ಎಲೆಯ ಪತ್ರೊಡೆಗೆ ಮಾತ್ರ ಅಡ್ಡಿ ಇಲ್ಲ.) ನನಗೆ ಇದರಲ್ಲಿ ನಂಬಿಕೆ ಕಡಿಮೆ. ಮನೆಯವಳಿಗೆ ಪೂರ್ತಿ. ಆಟಿಯಲ್ಲಿ ಅವಳು ಹೊಸ ಪೊರಕೆಯನ್ನೂ ಒಳಗೆ ತರಲು ಬಿಡುವವಳಲ್ಲ.

ಅಂಕಪಟ್ಟಿ ಹೇಳಿದ ಜಾಗದಲ್ಲೇ ಇತ್ತು. ತೆಗೆದು ನೋಡಿದೆ. ಗಣಿತದಲ್ಲಿ ನನಗಿಂತ ಬಹಳ ಮೇಲಿದ್ದಳು. ಮಡಚಿ ಅಲ್ಲಿಯೇ ಇಟ್ಟೆ. ಫೋನ್ ಬಂದಾಗ ಹೇಳಿದೆ: "ಆಟಿ ಕಳೆಯಲಿ. ವಿದ್ಯೆಯ ಕೆಲಸ, ಆಟಿಯಲ್ಲಿ ಸುರು ಮಾಡುವುದು ಬೇಡ."

ಆ ಕಡೆಯಿಂದ ಮನೆಯವಳು ಕೇಳಿದಳು, "ಇಲ್ಲಿ ಈಗ ಚಳಿಗಾಲ. ಮಳೆಯೇ ಬೇರೆ, ಗಾಳಿಯೇ ಬೇರೆ. ಇಲ್ಲಿಗೂ ಆಟಿ ಉಂಟಾ?"

ಎಷ್ಟು ಒಳ್ಳೆಯ ಪ್ರಶ್ನೆ! ಅವಳು ಕೇಳಿದ್ದು ವಾದಕ್ಕಲ್ಲ, ನಿಜವಾಗಿ ತಿಳಿಯಲು. ಇಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಗೊತ್ತಿಲ್ಲ ಎಂದರೂ ಆಗುತ್ತಿತ್ತು.

"ನಾವು ಎಲ್ಲಿ ಹೋದರೂ ನಮ್ಮ ಆಟಿ ನಮ್ಮ ಹಿಂದೆ ಬರ್ತದೆ," ಎಂದೆ.

ಮಗಳು ರೇಗಿದಳು. "ಅಪ್ಪ, ವೀಸಾ ಮುಗಿಯುವುದು ಆಟಿಯಲ್ಲಿಯೇ! ನಿಮಗೆ ಗೊತ್ತುಂಟಲ್ಲ?" ಗೊತ್ತಿತ್ತು. ಅದಕ್ಕೇ ಹೇಳಿದ್ದು. ಅವಳು ಇನ್ನೂ ಏನೋ ಹೇಳುವಾಗ ತಾಯಿಯ ಸ್ವರ ಕೇಳಿಸಿತು: "ಬಿಡು ಮಗಾ. ಅಪ್ಪ ಹೇಳಿದ್ದು ಸರಿ. ಆಟಿಯಲ್ಲಿ ಬೇಡ."

ವೀಸಾ ಮುಗಿಯುವ ಮೊದಲು ಅವಳು ವಿಮಾನ ಹತ್ತಿ ಬಂದಳು. ಆಟಿಯಲ್ಲಿ ಓದಲು ಕೂರಬಾರದು, ಸಮುದ್ರ ದಾಟಬಹುದು. ಇದು ಯಾವ ಶಾಸ್ತ್ರ? ನನ್ನನ್ನು ಯಾರೂ ಕೇಳಲಿಲ್ಲ.

ಅಡುಗೆ ಕೋಣೆಗೆ ಹೋದವಳ ಕಣ್ಣಿಗೆ ಮೊದಲು ಬಿದ್ದದ್ದು ಹೊಸ ಗ್ರೈಂಡರ್.

"ಇದು ಯಾವಾಗ ತೆಗೆದದ್ದು?"

"ನೀನು ಬರುವಾಗ ಇರಲಿ ಅಂತ, ಮೂಡುಬಿದಿರೆಯಿಂದ ತಂದೆ. ಆಟಿ ಸೇಲ್ ಇತ್ತು."

ಬಾಯಿಯಿಂದ ಬಿದ್ದ ಮೇಲೆ ಕೇಳಿಸಿತು ನನಗೆ. ಅವಳಿಗೂ ಕೇಳಿಸಿತು. ಮುಚ್ಚಳ ತೆಗೆದು ಕಲ್ಲಿನ ಮೇಲೆ ಕೈಯಾಡಿಸಿದಳು. ನನ್ನ ಕಡೆ ನೋಡಲಿಲ್ಲ.

"ಒಳ್ಳೆಯದುಂಟು," ಎಂದಳು. ಸಂಜೆಗೆ ಉದ್ದು ನೆನೆ ಹಾಕಿದಳು.

ಬೈದಿದ್ದರೆ ಆಗುತ್ತಿತ್ತು. (ನಮ್ಮ ಮನೆಮಾತು ತುಳು, ಅದರಲ್ಲಿ ಬೈಗುಳಕ್ಕೆ ಬಡತನವಿಲ್ಲ.) ಬೈಯಲಿಲ್ಲ. ಇಲ್ಲಿಂದಲೇ ಮತ್ತೆ ಅರ್ಜಿ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಗಳೂ ತಾಯಿಯ ಹತ್ತಿರ ಕೇಳಿದಳು. "ಬೇಡ, ಆ ಮನಸ್ಸು ಹೋಯಿತು," ಎಂದಳಂತೆ. ಆಮೇಲೆ ನಾನು ಬಾಯಿ ತೆರೆಯಲು ನೋಡಿದಾಗೆಲ್ಲ ಮೆಷಿನ್ ತಿರುಗುತ್ತಿತ್ತು. ಅಥವಾ ಅದು ತಿರುಗುವ ಹೊತ್ತನ್ನೇ ನಾನು ನೋಡಿಕೊಂಡೆನೋ?

ಒಂದು ಪ್ರಶ್ನೆ ಮಾತ್ರ ಇಂದಿಗೂ ಬಗೆಹರಿದಿಲ್ಲ. ನಾನು ಹೆದರಿದ್ದು ಯಾವುದಕ್ಕೆ? ಹೋಟೆಲಿನ ನಗುವಿಗೋ, ತಣ್ಣಗಿನ ಗಂಜಿಗೋ? ನೆಂಟಳಾಗಿ ಹೋದವಳು ಹೋದ ಹಾಗೆಯೇ ತಿರುಗಿ ಬರುತ್ತಾಳೆ. ಕಲಿತು ಬಂದವಳು ಹೇಗಿರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಗೊತ್ತಾಗದ ಹಾಗೆ ಮಾಡಿದವನೇ ನಾನು.

ಮೊನ್ನೆಯ ಮಾತಿಗೆ ಬರುತ್ತೇನೆ. ಶ್ವೇತಾ ಹೊರಡಲು ಎದ್ದಿದ್ದಳು.

"ಆಟಿ ಹತ್ತಿರ ಬಂತಲ್ಲ ಆಂಟಿ. ಟಿಕೆಟ್ ಮುಂದೆ ಹಾಕು, ಆಟಿ ಕಳೆದು ಹೊರಡು ಅಂತ ಅಮ್ಮ ಹೇಳ್ತಾರೆ."

ಮೆಷಿನ್ ನಿಂತಿತು.

"ಆಟಿ ನೋಡಬೇಡ, ಹೋಗು," ಎಂದಳು ಹೊಸ ಪೊರಕೆ ತರಲು ಬಿಡದವಳು. "ಮತ್ತೆ ಅಂಕಪಟ್ಟಿ, ಸರ್ಟಿಫಿಕೇಟು ಎಲ್ಲ ಜೊತೆಯಲ್ಲೇ ತೆಕ್ಕೊಂಡು ಹೋಗು. ಊರಲ್ಲಿ ಯಾರ ಕೈಯಲ್ಲಿಯೂ ಬಿಟ್ಟು ಹೋಗಬೇಡ."

ಸ್ವರ ಏರಿರಲಿಲ್ಲ. ಗುಂಡಿ ಎಲ್ಲಿಡಬೇಕೆಂದು ಹೇಳುವ ಅದೇ ಸ್ವರ. ಜಗಲಿಯಲ್ಲಿ ನಾನು ನಿಧನ ವಾರ್ತೆಯ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದೆ.

ಅವಳು ಈ ಅಂಕಣ ಓದುತ್ತಾಳೋ ಇಲ್ಲವೋ, ನಾನು ಕೇಳಿದ್ದಿಲ್ಲ. ಬ್ಲೌಸಿನ ಅಳತೆ ಕತ್ತರಿಸುವುದು ಮಾತ್ರ ಇದೇ ಪೇಪರಿನಲ್ಲಿ. ಈ ಪುಟವೂ ನಾಳೆ ಯಾರದ್ದೋ ತೋಳಿನ ಆಕಾರಕ್ಕೆ ಕತ್ತರಿಸಿ ಹೋಗಬಹುದು. ಅದಕ್ಕೆ ಮೊದಲು ಇದರಲ್ಲಿ ಒಂದು ಹೆಸರು ಇರಲಿ.

ಇಷ್ಟು ವರ್ಷ 'ಮನೆಯವಳು' ಎಂದು ಬರೆದು ನಿಮ್ಮನ್ನು ನಗಿಸಿದೆನಲ್ಲ, ಅವಳ ಹೆಸರು ವಾರಿಜಾ.